‘ಯುವರ್ ಲೈ ಇನ್ ಏಪ್ರಿಲ್’: ಕೋಸೇ ಚೇತರಿಸಿಕೊಂಡನೇ, ಇಲ್ಲವೇ ಒಂದು ಶೋಕದ ಜಾಗಕ್ಕೆ ಇನ್ನೊಂದು ಬಂದು ಕೂತಿತೇ?

ಮೌನವೀಣೆ (ಪ್ರಶ್ನೆ)

ಕಥೆಯ ಕೊನೆಯನ್ನೂ ಸೇರಿಸಿ ಬರೆಯುತ್ತಿದ್ದೇನೆ. ಇನ್ನೂ ನೋಡದೇ ಇರುವವರು ದಯವಿಟ್ಟು ನೋಡಿದ ಮೇಲೆ ಓದಿ.

ನಾವೊಶಿ ಅರಕಾವಾ ಅವರ ಮಾಂಗಾವನ್ನು (ಜಪಾನಿ ಚಿತ್ರಕಥೆ) ಆಧರಿಸಿದ ಈ ಅನಿಮೆ (ಜಪಾನಿ ಅನಿಮೇಷನ್ ಧಾರಾವಾಹಿ) ಜಪಾನಿನ ಫ್ಯೂಜಿ ಟಿವಿಯಲ್ಲಿ 2014ರ ಅಕ್ಟೋಬರ್‌ನಿಂದ 2015ರ ಮಾರ್ಚ್‌ವರೆಗೆ 22 ಕಂತುಗಳಲ್ಲಿ ಪ್ರಸಾರವಾಗಿತ್ತು. ನಾನು ನೋಡಿದ್ದು ಈ ವರ್ಷ. ಹದಿನಾಲ್ಕು ವರ್ಷದ ಕೋಸೇ ಅರಿಮಾ ಒಂದು ಕಾಲಕ್ಕೆ ಸ್ಪರ್ಧೆಗಳನ್ನೆಲ್ಲ ಗೆಲ್ಲುತ್ತಿದ್ದ ಪಿಯಾನೊ ಬಾಲಪ್ರತಿಭೆ. ಬರೆದಿಟ್ಟ ಸ್ವರಲಿಪಿಯಿಂದ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನುಡಿಸುತ್ತಿದ್ದ ಕಾರಣ ಅವನನ್ನು ‘ಮನುಷ್ಯರೂಪದ ಮೆಟ್ರೊನೋಮ್’ (ತಾಳ ತಪ್ಪದಂತೆ ಟಿಕ್ ಟಿಕ್ ಎನ್ನುವ ಯಂತ್ರ) ಎಂದು ಕರೆಯುತ್ತಿದ್ದರು. ಅವನಿಗೆ ಕಲಿಸಿದ್ದು ತಾಯಿ ಸಾಕಿ. ಆಕೆ ಕಾಯಿಲೆಯಿಂದ ತೀರಿಕೊಂಡ ಮೇಲೆ ಅವನು ವೇದಿಕೆಯ ಮೇಲೆ ನುಡಿಸುತ್ತಿರುವಾಗಲೇ ತನ್ನ ಪಿಯಾನೊದ ನಾದ ತನಗೆ ಕೇಳಿಸದಂತಾಗುತ್ತದೆ. ಕಿವಿಗೆ ಏನೂ ಆಗಿಲ್ಲ. ಬೇರೆಲ್ಲ ಸದ್ದೂ ಕೇಳಿಸುತ್ತದೆ. ತಾನು ನುಡಿಸಿದ್ದು ಮಾತ್ರ, ನುಡಿಸುವಿಕೆಯಲ್ಲಿ ಮುಳುಗಿದಷ್ಟೂ, ದೂರ ಸರಿದು ಇಲ್ಲವಾಗುತ್ತದೆ. ಎರಡು ವರ್ಷ ಅವನು ವಾದ್ಯದಿಂದ ದೂರವಿರುತ್ತಾನೆ. ಆಮೇಲೆ ಕಾವೋರಿ ಮಿಯಾಜೊನೊ ಎಂಬ ಪಿಟೀಲುವಾದಕಿ ಸಿಕ್ಕಿ, ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋಗಿ ತನ್ನ ಪಕ್ಕವಾದ್ಯಕ್ಕೆ ಕೂರಿಸುತ್ತಾಳೆ.

ನನಗೆ ಇದು ಬರಿಯ ಕಥೆಯಾಗಿ ಉಳಿಯಲಿಲ್ಲ. ನನಗೆ ವೀಣೆ ಕಲಿಸಿದ್ದು ನನ್ನ ಅಮ್ಮ. ಸರಳೆ ವರಸೆಯಿಂದ ಹಿಡಿದು ಕೃತಿಗಳವರೆಗೆ ಬೇರೆ ಯಾರ ಬಳಿಯೂ ನಾನು ಪಾಠಕ್ಕೆ ಕೂತವಳಲ್ಲ. ಅಮ್ಮ ಹೋಗಿ ಮೂರು ವರ್ಷವಾಯಿತು. ವೀಣೆ ನಡುಮನೆಯ ಮೂಲೆಯಲ್ಲಿ ಅವರದೇ ಹಳೆಯ ಹತ್ತಿ ಸೀರೆ ಹೊದ್ದು ಮಲಗಿದೆ. ಕಳೆದ ಬೇಸಿಗೆಯಲ್ಲಿ ಧೂಳು ಒರೆಸಲೆಂದು ಸೀರೆ ತೆಗೆದಾಗ, ವೀಣೆಯ ಸ್ವರಸ್ಥಾನಗಳ ಮೆಟ್ಟಿಲುಗಳ ಕೆಳಗಿನ ಕಪ್ಪು ಮೇಣ ಬಿರುಕು ಬಿಟ್ಟು, ಮೇಲಿನ ಸ್ಥಾಯಿಯ ಎರಡು ಮೆಟ್ಟಿಲು ಓರೆಯಾಗಿ ನಿಂತಿದ್ದವು. ನೋಡಿ ಮತ್ತೆ ಹೊದಿಸಿಟ್ಟೆ. ಕೋಸೇಯಂತೆ ನನಗೆ ನಾದ ಕೇಳಿಸದೇ ಹೋಗಿಲ್ಲ. ಮೀಟುವುದಕ್ಕೇ ಕೈ ಮುಂದೆ ಹೋಗುವುದಿಲ್ಲ.

ಆದ್ದರಿಂದ ನನ್ನ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳುತ್ತಿದ್ದೇನೆ. ಅವನ ಚೇತರಿಕೆ ನಿಜವಾಗಿ ಆರಂಭವಾಗುವುದು ಯಾವ ಘಟ್ಟದಲ್ಲಿ? ಕಾವೋರಿಯೇ ಅದಕ್ಕೆ ಕಾರಣಳಾಗಿದ್ದರೆ, ಕೊನೆಯಲ್ಲಿ ಅವಳೂ ಶಸ್ತ್ರಚಿಕಿತ್ಸೆಯ ವೇಳೆ ತೀರಿಕೊಂಡಾಗ ಅವನು ಪಡೆದದ್ದೆಲ್ಲ ಕುಸಿಯಬೇಕಿತ್ತಲ್ಲವೇ? ಅವನು ಕುಸಿಯದೇ ಅದೇ ಹೊತ್ತಿನ ಸ್ಪರ್ಧೆಯ ವಾದನವನ್ನು ಮುಗಿಸಿದ್ದನ್ನು ನೋಡಿ ಅತ್ತಿದ್ದೇನೆ, ಆದರೆ ನಂಬಿದ್ದೇನೆಯೇ ಎಂಬುದು ನನಗೇ ತಿಳಿಯುತ್ತಿಲ್ಲ.

ಬಿಳಿಕಪ್ಪುಮನೆ

ನಾನು ಬೆಂಗಳೂರಿನಲ್ಲಿ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತೇನೆ. ಈ ಧಾರಾವಾಹಿಯಲ್ಲಿ ಯಾವ ಕಂತಿನಲ್ಲಿ ಯಾವ ರಚನೆಯನ್ನು ಆರಿಸಿದ್ದಾರೆ ಎಂಬುದನ್ನು ಗಮನಿಸಿದರೆ ತಮ್ಮ ಮೊದಲ ಪ್ರಶ್ನೆಗೆ ಬಹುಪಾಲು ಉತ್ತರ ಅಲ್ಲೇ ಸಿಗುತ್ತದೆ ಎಂದು ನನ್ನ ಅನಿಸಿಕೆ.

ನಾಲ್ಕನೆಯ ಕಂತಿನಲ್ಲಿ ಕಾವೋರಿಗೆ ಪಕ್ಕವಾದ್ಯವಾಗಿ ಸ್ಯಾಂ-ಸಾನ್ಸ್‌ನ ‘ಇಂಟ್ರೊಡಕ್ಷನ್ ಅಂಡ್ ರೊಂಡೊ ಕಪ್ರಿಚಿಯೋಸೊ’ ನುಡಿಸುವಾಗ ಕೋಸೇ ನಡುವೆ ಕೈ ನಿಲ್ಲಿಸಿಬಿಡುತ್ತಾನೆ. ಅವಳೂ ಕಮಾನು ಇಳಿಸುತ್ತಾಳೆ. ಸ್ಪರ್ಧೆಯಲ್ಲಿ ನಿಲ್ಲಿಸಿದರೆ ಗೆಲುವಿನ ಆಸೆ ಬಿಟ್ಟಂತೆಯೇ. ಆದರೂ ಅವಳು ನಿಂತು, ಅವನ ಕಡೆ ತಿರುಗಿ, ಮತ್ತೊಮ್ಮೆ ಎಂದು ಹೊರಡುತ್ತಾಳೆ. ಬಹಳ ಜನ ಇದನ್ನೇ ಚೇತರಿಕೆಯ ಆರಂಭ ಎನ್ನುತ್ತಾರೆ. ನನ್ನ ಪ್ರಕಾರ ಇಲ್ಲಿ ಆದದ್ದು ಅದಕ್ಕಿಂತ ಸಣ್ಣದು, ಅಷ್ಟೇ ಅಗತ್ಯವಾದದ್ದು. ವೇದಿಕೆಯ ಮೇಲೆ ವಾದನ ನಿಂತುಹೋದರೂ ಆಕಾಶ ಕಳಚಿ ಬೀಳುವುದಿಲ್ಲ ಎಂಬುದನ್ನು ಆ ಹುಡುಗ ಜೀವಮಾನದಲ್ಲಿ ಮೊದಲ ಬಾರಿಗೆ ಕಣ್ಣಾರೆ ಕಂಡ. ಒಂದು ಸ್ವರ ತಪ್ಪಿದರೆ ಬೆತ್ತದ ಏಟು ತಿಂದು ಬೆಳೆದ ಮಗುವಿಗೆ ಆ ತಿಳಿವಳಿಕೆ ಬೇರೆ ಯಾವ ದಾರಿಯಲ್ಲೂ ಬರುವುದಿಲ್ಲ.

ಆಮೇಲೆ ಹತ್ತನೆಯ ಕಂತಿನ ಆಸುಪಾಸಿನ ಪಿಯಾನೊ ಸ್ಪರ್ಧೆ. ಅಲ್ಲಿ ಅವನು ನುಡಿಸುವುದು ಶೋಪಾನ್‌ನ 25ನೆಯ ಕೃತಿಗುಚ್ಛದ 5ನೆಯ ಎಟ್ಯೂಡ್, ಎಂದರೆ ಅಭ್ಯಾಸರಚನೆ. ಅದಕ್ಕೆ ‘ತಪ್ಪು ಸ್ವರ’ ಎಂಬ ಅಡ್ಡಹೆಸರಿದೆ. ಒಂದಕ್ಕೊಂದು ಅಂಟಿಕೊಂಡಂತಿರುವ ಅರ್ಧಸ್ವರಗಳನ್ನು ಶೋಪಾನ್ ಬೇಕೆಂದೇ ಉಜ್ಜಿಸಿರುವುದರಿಂದ, ಮೊದಲ ಸಲ ಕೇಳುವವರಿಗೆ ವಾದಕನ ಬೆರಳು ಜಾರುತ್ತಿದೆಯೇನೋ ಎನ್ನಿಸುತ್ತದೆ. ನಡುವಿನ ಭಾಗಕ್ಕೆ ಬಂದಾಗ ಲಯ ನಿಧಾನವಾಗಿ, ಮೇಜರ್ ಶ್ರುತಿಗೆ ತಿರುಗಿ, ಎಡಗೈಯಲ್ಲಿ ಉದ್ದನೆಯದೊಂದು ಹಾಡು ತೆರೆದುಕೊಳ್ಳುತ್ತದೆ. ಮೆಟ್ರೊನೋಮ್ ಎಂದು ಹೆಸರಾದ ಹುಡುಗನ ಕೈಗೆ ಇದನ್ನೇ ಕೊಟ್ಟವರು ಸಂಗೀತವನ್ನು ಚೆನ್ನಾಗಿ ಬಲ್ಲವರು. ಇಲ್ಲಿಯೂ ಅವನು ನಡುವೆ ನಿಲ್ಲುತ್ತಾನೆ, ಮತ್ತೆ ತೊಡಗುತ್ತಾನೆ, ಆದರೆ ಈ ಬಾರಿ ಸಭೆಯಲ್ಲಿ ಕೂತ ಕಾವೋರಿಯೊಬ್ಬಳಿಗೆ ಮುಟ್ಟಲಿ ಎಂದು ನುಡಿಸುತ್ತಾನೆ. ತೀರ್ಪುಗಾರರ ದೃಷ್ಟಿಯಲ್ಲಿ ಅವನು ಸೋತ. ಅವನ ವಾದನಕ್ಕೆ ಕೇಳುವವಳೊಬ್ಬಳು ಸಿಕ್ಕಿದ್ದು ಮಾತ್ರ ಅಲ್ಲಿಯೇ.

ಆದರೂ ತಾವು ಕೇಳಿದ ನಿಜವಾದ ಘಟ್ಟ ಇದೂ ಅಲ್ಲ. ಅದು 13ನೆಯ ಕಂತು. ಕಾವೋರಿ ಗಾಲಾ ಕಛೇರಿಗೆ ಬರುವುದಿಲ್ಲ. ಪಿಟೀಲು ಮತ್ತು ಪಿಯಾನೊ ಕೂಡಿ ನುಡಿಸಬೇಕಿದ್ದ ಕ್ರೈಸ್ಲರ್‌ನ ‘ಲೀಬೆಸ್‌ಲೈಡ್’ ಅನ್ನು, ಎಂದರೆ ‘ಪ್ರೀತಿಯ ದುಃಖ’ವನ್ನು, ರಾಖ್ಮಾನಿನಾಫ್ ಒಂಟಿ ಪಿಯಾನೊಗೆ ಅಳವಡಿಸಿದ ರೂಪದಲ್ಲಿ ಕೋಸೇ ಒಬ್ಬನೇ ನುಡಿಸುತ್ತಾನೆ. ಅದು ಅವನು ಮಗುವಾಗಿದ್ದಾಗ ತಾಯಿ ಜೋಗುಳದಂತೆ ನುಡಿಸುತ್ತಿದ್ದ ಸಂಗೀತ. ಅಲ್ಲಿಯವರೆಗೆ ಸಭಾಂಗಣದ ಕತ್ತಲಲ್ಲಿ ಗಾಲಿಕುರ್ಚಿಯಲ್ಲಿ ಕೂತು ಅವನನ್ನೇ ದಿಟ್ಟಿಸುತ್ತಿದ್ದ ತಾಯಿಯ ನೆರಳು ತನ್ನದೇ ಸೃಷ್ಟಿ, ಓಡಿಹೋಗಲು ತಾನೇ ಕಟ್ಟಿಕೊಂಡ ನೆಪ ಎಂಬುದು ಆಗ ಅವನಿಗೆ ಹೊಳೆಯುತ್ತದೆ. ಆ ವಾದನದಲ್ಲಿ ಅವನು ತಾಯಿಯನ್ನು ಬೀಳ್ಕೊಡುತ್ತಾನೆ. ಇಷ್ಟು ದಿನ ಅವನು ತನ್ನ ಪಿಯಾನೊವನ್ನು ತನ್ನ ಕಿವಿಯಿಂದ ಕೇಳುತ್ತಲೇ ಇರಲಿಲ್ಲ. ಎಲ್ಲಿ ತಪ್ಪುತ್ತದೋ ಎಂದು ಕಾಯುತ್ತಿದ್ದ ತಾಯಿಯ ಕಿವಿಯಿಂದ ಕೇಳುತ್ತಿದ್ದ. ಆ ತಾಯಿ ಹೋದ ಮೇಲೆ ಆ ಕಿವಿಯೂ ಹೋಯಿತು, ಅವನಿಗೆ ಏನೂ ಕೇಳಿಸದಾಯಿತು. ಇಲ್ಲಿ ಅವನಿಗೆ ಮರಳಿ ದೊರೆತದ್ದು ಜೋಗುಳ ನುಡಿಸಿದ ತಾಯಿ. ಮುಗಿಸಿ ಬಂದವನು ತಾಯಿಯ ಗೆಳತಿ, ಪಿಯಾನೊವಾದಕಿ ಹಿರೋಕೊ ಅವರನ್ನು ಕೇಳುವುದೂ ತಾಯಿಗೆ ಇದು ತಲುಪಿತೇ ಎಂದೇ.

ಹೀಗಾಗಿ ತಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದು: ಕಾವೋರಿ ಅವನನ್ನು ಪಿಯಾನೊದ ಮುಂದೆ ತಂದು ಕೂರಿಸಿದಳು, ಆದರೆ ತಾಯಿಯ ವಿಷಯವನ್ನು ಅವನು ಇತ್ಯರ್ಥ ಮಾಡಿಕೊಂಡದ್ದು ಅವಳು ವೇದಿಕೆಯಲ್ಲಿ ಇಲ್ಲದಿದ್ದ ದಿನ. ಕೊನೆಯ ಸ್ಪರ್ಧೆಯಲ್ಲಿ ಶೋಪಾನ್‌ನ ಜಿ ಮೈನರ್ ಬಲಾಡ್ ಆರಂಭಿಸುವ ಮುನ್ನ ಅವನು ತಲೆ ತಗ್ಗಿಸಿ ಕೂತುಬಿಟ್ಟಿರುತ್ತಾನೆ. ಆಗ ಸಭೆಯ ಕತ್ತಲೆಯಿಂದ ತ್ಸುಬಾಕಿಯ ಸೀನು ಕೇಳಿಸುತ್ತದೆ. ಬಾಲ್ಯದಿಂದ ಪಕ್ಕದ ಮನೆಯಲ್ಲಿ ಬೆಳೆದ ಹುಡುಗಿಯ ಸೀನನ್ನು ಅವನು ಗುರುತಿಸುತ್ತಾನೆ. ಏನೂ ಕೇಳಿಸದೇ ಹೋಗಿದ್ದ ಹುಡುಗ ತುಂಬಿದ ಸಭೆಯಲ್ಲಿ ಒಂದು ಸೀನನ್ನು ಕೇಳಿ, ಅದು ಯಾರದೆಂದು ತಿಳಿದು, ಕೈಯೆತ್ತಿ ನುಡಿಸಲು ತೊಡಗುವ ಆ ಕೆಲವು ಕ್ಷಣಗಳಿಗಾಗಿಯೇ ನಾನು ಆ ಕಂತನ್ನು ಮೂರು ಬಾರಿ ನೋಡಿದ್ದೇನೆ.

ಕೇಳುಗೆ

ನಾನು ಆಪ್ತಸಮಾಲೋಚಕಿ. ಹಿಂದಿನ ಉತ್ತರದ ಸಂಗೀತದ ಮಾತುಗಳನ್ನು ಒಪ್ಪುತ್ತೇನೆ. ಆದರೆ ಈ ಹುಡುಗನದು ಬರಿಯ ಶೋಕ ಎಂದುಕೊಂಡರೆ ಅವನಿಗೆ ಅನ್ಯಾಯವಾಗುತ್ತದೆ ಎಂಬ ಮಾತನ್ನು ಸೇರಿಸಲೇಬೇಕು.

ಅವನು ಹೊಡೆತ ತಿಂದ ಮಗು. ತಾನು ಹೆಚ್ಚು ದಿನ ಬದುಕುವುದಿಲ್ಲವೆಂದು ತಿಳಿದ ಸಾಕಿ, ತನ್ನ ನಂತರವೂ ಮಗ ಪಿಯಾನೊದಿಂದ ಹೊಟ್ಟೆ ಹೊರೆದುಕೊಳ್ಳುವಂತಾಗಲಿ ಎಂಬ ಆತುರದಲ್ಲಿ ಅವನನ್ನು ಹಿಂಸಿಸುತ್ತಾಳೆ. ಕಥೆ ಆಕೆಯ ಕಾರಣವನ್ನು ನಮಗೆ ತಿಳಿಸುತ್ತದೆ, ಆಕೆಯ ಪ್ರೀತಿಯನ್ನೂ ತೋರಿಸುತ್ತದೆ. ಆದರೂ ಕಾರಣ ತಿಳಿದ ಮಾತ್ರಕ್ಕೆ ಏಟು ಏಟಲ್ಲದೇ ಹೋಗುವುದಿಲ್ಲ. ತಂದೆ ಕೆಲಸದ ಮೇಲೆ ಸದಾ ಊರೂರು ತಿರುಗುತ್ತಿರುತ್ತಾನೆ, ಕಥೆಯಲ್ಲಿ ಕಾಣಿಸುವುದೇ ಇಲ್ಲವೆನ್ನಬಹುದು. ಹಿರೋಕೊ ಒಬ್ಬರು ಮಾತ್ರ ತಡವಾಗಿಯಾದರೂ ತಮ್ಮ ಪಾಲಿನ ಹೊಣೆಯನ್ನು ಹೊರುತ್ತಾರೆ, ಏಕೆಂದರೆ ಇವನನ್ನು ಪಿಯಾನೊವಾದಕನನ್ನಾಗಿ ಮಾಡು ಎಂದು ಸಾಕಿಗೆ ಮೊದಲು ಒತ್ತಾಯಿಸಿದವರು ಅವರೇ. ಇಂಥ ಕಥೆಯೊಳಗೆ ಕಾವೋರಿಯೂ ತ್ಸುಬಾಕಿಯೂ ಕೋಸೇಯನ್ನು ಒದೆಯುವುದನ್ನು, ಬಡಿಯುವುದನ್ನು ನಗೆಯ ಪ್ರಸಂಗವಾಗಿ ಮತ್ತೆ ಮತ್ತೆ ತಂದಿರುವುದು ನನಗೆ ಸಹಿಸಲಾಗಲಿಲ್ಲ. ಅನಿಮೆಯಲ್ಲಿ ಅದು ರೂಢಿಯ ಹಾಸ್ಯ ಎಂದು ಬಲ್ಲೆ. ಈ ಹುಡುಗನ ವಿಷಯದಲ್ಲಿ ಅದನ್ನು ಕೈಬಿಡಬೇಕಿತ್ತು.

ಎಲ್ಲಕ್ಕಿಂತ ಭಾರವಾದದ್ದು ಒಂದು ಮಾತು. ಸ್ಪರ್ಧೆಯ ನಂತರ ಎಲ್ಲರೆದುರು ತಾಯಿ ಹೊಡೆದಾಗ ಅವನು ಸಿಟ್ಟಿನಲ್ಲಿ, ನೀನು ಸತ್ತೇ ಹೋಗಬೇಕು ಎಂಬರ್ಥದ ಮಾತನ್ನು ಆಡಿಬಿಡುತ್ತಾನೆ. ಆಕೆ ನಿಜವಾಗಿಯೂ ಸಾಯುತ್ತಾಳೆ. ತನ್ನ ನಾಲಗೆಯೇ ತಾಯಿಯನ್ನು ಕೊಂದಿತು ಎಂದು ಒಂದು ಮಗು ನಂಬುವುದು ಕಥೆಗಾರರ ಉತ್ಪ್ರೇಕ್ಷೆಯೇನಲ್ಲ. ನನ್ನ ಮುಂದೆ ಕೂತು ಅತ್ತವರಲ್ಲಿ ಹಲವರು ಕಡೆಗೆ ಬಂದು ನಿಲ್ಲುವುದು ಇಂಥದೇ ಒಂದು ಮಾತಿನ ಬಳಿ. ಆಡಿದ ಮಾತು, ಇಲ್ಲವೇ ಆಡದೇ ಉಳಿದ ಮಾತು. ನಾದ ಕೇಳಿಸದಿರುವುದನ್ನು ನಾನು ಶಿಕ್ಷೆಯೆಂದೇ ಓದುತ್ತೇನೆ. ಅವನು ತನಗೆ ತಾನೇ ವಿಧಿಸಿಕೊಂಡ ಶಿಕ್ಷೆ.

ಈ ಶೋಕ ಎಷ್ಟು ದಿನ ಸಹಜ, ಯಾವಾಗ ಚಿಕಿತ್ಸೆ ಬೇಕು ಎಂದು ಕೇಳುವವರಿಗಾಗಿ ಎರಡು ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಗಳ ವರ್ಗೀಕರಣದಲ್ಲಿ ದೀರ್ಘಕಾಲ ಕಾಡುವ ಶೋಕವನ್ನು ಪ್ರತ್ಯೇಕ ತೊಂದರೆಯಾಗಿ ಸೇರಿಸಲಾಗಿದೆ. ಕನಿಷ್ಠ ಆರು ತಿಂಗಳು ಕಳೆದಿರಬೇಕು, ಆ ಸಮಾಜದ ರೂಢಿಗೆ ಮೀರಿದ ತೀವ್ರತೆ ಇರಬೇಕು, ದಿನನಿತ್ಯದ ಬದುಕು ನಡೆಯದಂತಾಗಿರಬೇಕು. ವೀಣೆ ಮುಟ್ಟಲಾಗದಿರುವುದು ಅಷ್ಟರಿಂದಲೇ ಕಾಯಿಲೆಯಾಗುವುದಿಲ್ಲ. ನಿದ್ದೆ, ಊಟ, ಕೆಲಸ ಎಲ್ಲವೂ ಕೈತಪ್ಪುತ್ತಿದ್ದರೆ ಮಾತ್ರ ದಯವಿಟ್ಟು ಯಾರನ್ನಾದರೂ ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು.

ಬೀಳ್ಕೊಡುವುದು ಎಂಬ ಪದದ ಬಗ್ಗೆಯೂ ನನಗೆ ಸ್ವಲ್ಪ ತಕರಾರಿದೆ. ತೀರಿಕೊಂಡವರೊಂದಿಗಿನ ನಂಟನ್ನು ಕಡಿದುಕೊಂಡರೇ ಶೋಕ ಮುಗಿಯುವುದು ಎಂಬ ಹಳೆಯ ತಿಳಿವಳಿಕೆಯನ್ನು 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್ ಮತ್ತು ನಿಕ್‌ಮನ್ ಎಂಬ ಸಂಶೋಧಕರು ಬಲವಾಗಿ ಪ್ರಶ್ನಿಸಿದರು. ನಂಟು ಮುಂದುವರಿಯುತ್ತದೆ, ಅದರ ರೂಪ ಬದಲಾಗುತ್ತದೆ ಎಂಬುದು ಅವರ ವಾದ. ಜಪಾನಿನ ಮನೆಗಳಲ್ಲಿ ಬುತ್ಸುದಾನ್ ಎಂಬ ಪೀಠದ ಮುಂದೆ ಹಿರಿಯರಿಗೆ ಅನ್ನವಿಡುವವರಿಗೂ, ಪಿತೃಪಕ್ಷದಲ್ಲಿ ಎಡೆಯಿಡುವ ನಮಗೂ ಇದು ಹೊಸದೇನಲ್ಲ. ಕೋಸೇ ತಾಯಿಗೆ ವಿದಾಯ ಹೇಳಿದ ಎನ್ನುವುದಕ್ಕಿಂತ, ಅಂದಿನಿಂದ ಆಕೆಯೊಡನೆ ಬೇರೆ ರೀತಿಯಲ್ಲಿ ಬಾಳಲು ತೊಡಗಿದ ಎಂದರೆ ನನಗೆ ಸಮಾಧಾನ.

ಹನ್ನೆರಡನೇ ಬೆಂಚು

ಮೌನವೀಣೆ ಅಕ್ಕ, ನಾನು ಪದವಿ ವಿದ್ಯಾರ್ಥಿ, ಸಂಗೀತ ಬಾರದು. ಎಲ್ಲರೂ ದೊಡ್ಡ ವೇದಿಕೆಗಳ ಬಗ್ಗೆಯೇ ಹೇಳುತ್ತಿದ್ದೀರಿ. ನನಗೆ ಹೆಚ್ಚು ನೆನಪಿರುವುದು ಕೋಸೇ ನಾಗಿ ಎಂಬ ಪುಟ್ಟ ಹುಡುಗಿಗೆ ಪಾಠ ಹೇಳುವ ಭಾಗ. ಅವಳು ಅವನ ಪ್ರತಿಸ್ಪರ್ಧಿ ತಾಕೇಶಿಯ ತಂಗಿ, ಮೊದಲು ಬಂದದ್ದು ಅವನ ಮೇಲಿನ ಮುನಿಸಿನಿಂದ. ಕಡೆಗೆ ಅವಳ ಶಾಲೆಯ ಉತ್ಸವದಲ್ಲಿ ಇಬ್ಬರೂ ಒಂದೇ ಪಿಯಾನೊದ ಮುಂದೆ ಕೂತು ಚೈಕೋವ್‌ಸ್ಕಿಯ ‘ಸ್ಲೀಪಿಂಗ್ ಬ್ಯೂಟಿ’ಯ ವಾಲ್ಟ್ಸ್ ನುಡಿಸುತ್ತಾರೆ. ಹೊಡೆದು ಕಲಿಸಿದ ತಾಯಿಯ ಮಗ ಇನ್ನೊಂದು ಮಗುವಿಗೆ ಹೊಡೆಯದೇ ಕಲಿಸುತ್ತಾನೆ ಎಂಬುದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನನಗೆ ಅವನು ಚೇತರಿಸಿಕೊಂಡ ಎನ್ನಿಸಿದ್ದು ಅಲ್ಲಿಯೇ.

ಕಾವೋರಿಯ ಸಾವಿನ ಬಗ್ಗೆ ಒಂದು ಮಾತು. ಅವಳ ಪತ್ರವನ್ನು ತಂದೆತಾಯಿ ಅವನಿಗೆ ಕೊಟ್ಟಾಗ, ಐದು ವರ್ಷದವಳಾಗಿದ್ದಾಗಲೇ ಅವನ ವಾದನ ಕೇಳಿ, ಮುಂದೆಂದಾದರೂ ಅವನು ತನಗೆ ಪಕ್ಕವಾದ್ಯ ನುಡಿಸಲಿ ಎಂಬ ಆಸೆಯಿಂದ ಅವಳು ಪಿಯಾನೊ ಬಿಟ್ಟು ಪಿಟೀಲು ಹಿಡಿದಿದ್ದಳು ಎಂದು ತಿಳಿಯುತ್ತದೆ. ಬೆತ್ತಕ್ಕೆ ಹೆದರಿ ನುಡಿಸುತ್ತಿದ್ದೆ ಎಂದುಕೊಂಡಿದ್ದ ಆ ದಿನಗಳಲ್ಲೂ ಅವನ ನಾದ ಒಬ್ಬರನ್ನು ಮುಟ್ಟಿತ್ತು. ಅದು ಅವಳು ಸತ್ತ ಮೇಲೆ ತಿಳಿದದ್ದು ನೋವಿನ ಸಂಗತಿಯೇ, ಆದರೆ ಹಾಗೆ ಸಿಕ್ಕಿದ್ದನ್ನು ಅವನಿಂದ ಇನ್ನು ಯಾವ ಸಾವೂ ಕಿತ್ತುಕೊಳ್ಳಲಾರದು ಅನ್ನಿಸುತ್ತದೆ.

ಮೌನವೀಣೆ

ಮೂವರಿಗೂ ಹೃದಯತುಂಬಿದ ಕೃತಜ್ಞತೆಗಳು. ನಾಲ್ಕು ದಿನ ಉತ್ತರ ಬರೆಯಲಾಗಲಿಲ್ಲ. ‘ಕೇಳುಗೆ’ ಅವರು ಬರೆದ, ಆಡದೇ ಉಳಿದ ಮಾತು ಎಂಬುದರ ಮುಂದೆ ನಿಂತುಬಿಟ್ಟಿದ್ದೆ.

ಅಮ್ಮನ ಕೊನೆಯ ವಾರ ಅದು. ಮಂಚದ ಮೇಲಿಂದಲೇ, “ಒಂದ್ಸಲ ಮೋಹನ ವರ್ಣ ನುಡಿಸೇ, ಕೇಳ್ಬೇಕು ಅನ್ನಿಸ್ತಿದೆ” ಎಂದಿದ್ದರು. ಕಚೇರಿಯ ಕೆಲಸ ಮನೆಗೆ ತಂದಿದ್ದೆ. “ನಾಳೆ ನುಡಿಸ್ತೀನಮ್ಮ” ಎಂದೆ. ಮರುದಿನ ಅವರಿಗೆ ಪ್ರಜ್ಞೆಯಿರಲಿಲ್ಲ. ಈ ಮೂರು ವರ್ಷ ಇದನ್ನು ನಮ್ಮ ಮನೆಯವರಿಗೂ ಹೇಳಿರಲಿಲ್ಲ. ಮೊನ್ನೆ ಅಣ್ಣನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಅಮ್ಮ ಅದೇ ಸಂಜೆ ತನಗೆ ಫೋನ್ ಮಾಡಿ ಇವಳು ನಾಳೆ ವರ್ಣ ನುಡಿಸುತ್ತಾಳಂತೆ ಎಂದು ಖುಷಿಯಿಂದ ಹೇಳಿದ್ದರು ಎಂದ. ಅದನ್ನು ಕೇಳಿ ನನಗೆ ಹಗುರವಾಯಿತೋ ಇನ್ನಷ್ಟು ಭಾರವಾಯಿತೋ ಹೇಳಲಾರೆ, ಆದರೆ ಅಂದು ಬಹಳ ಅತ್ತೆ.

‘ಬಿಳಿಕಪ್ಪುಮನೆ’ ಅವರೇ, ಯಾರ ಕಿವಿಯಿಂದ ಕೇಳುತ್ತಿದ್ದೇನೆ ಎಂಬ ತಮ್ಮ ಮಾತು ನನಗೂ ಹೊಂದುತ್ತದೆ. ನಮ್ಮಮ್ಮ ಹೊಡೆದವರಲ್ಲ, ಗದರಿದವರೂ ಅಲ್ಲ. ಪಾಠದ ವೇಳೆ ಗಮಕ ಸರಿಯಾಗಿ ಬಿದ್ದರೆ “ಹ್ಞಾಂ” ಎನ್ನುತ್ತಿದ್ದರು, ಅಷ್ಟೇ. ಆ ಒಂದು “ಹ್ಞಾಂ” ಇಲ್ಲದೆ ಸ್ವರ ಸರಿಯಾಗಿದೆ ಎಂದು ನನಗೆ ಗೊತ್ತಾಗುವುದಾದರೂ ಹೇಗೆ ಎಂಬ ಅಂಜಿಕೆಯೇ ಕೈಯನ್ನು ಹಿಡಿದಿತ್ತು ಎಂದು ಈಗ ತೋರುತ್ತಿದೆ.

ಬಿಳಿಕಪ್ಪುಮನೆ

ಬರೆದುಕೊಂಡಿದ್ದಕ್ಕೆ ವಂದನೆಗಳು. ಒಂದು ಪ್ರಾಯೋಗಿಕ ಮಾತು: ಮೇಣ ಬಿರುಕು ಬಿಟ್ಟಿದ್ದರೆ ತಾವೇ ಬಿಸಿ ಮಾಡಿ ಮೆಟ್ಟಿಲು ಕೂರಿಸಲು ಹೋಗಬೇಡಿ. ವೀಣೆಯ ಕೆಲಸ ಬಲ್ಲವರಿಂದ ಹೊಸದಾಗಿಯೇ ಮೇಳ ಕಟ್ಟಿಸಿ. ಇಪ್ಪತ್ತನಾಲ್ಕು ಮೆಟ್ಟಿಲನ್ನೂ ಅವರು ಕಿವಿಯಿಂದಲೇ ಶ್ರುತಿಗೆ ಕೂರಿಸುತ್ತಾರೆ. ಆ ದಿನ ತಾವೂ ಪಕ್ಕದಲ್ಲೇ ಕೂತು ಕೇಳಿ.

ಮೌನವೀಣೆ

ಕರೆ ಮಾಡಿದೆ. ಮೇಳ ಕಟ್ಟುವವರು ಮುಂದಿನ ತಿಂಗಳು ಬರುವುದಾಗಿ ಹೇಳಿದ್ದಾರೆ.

ನಿನ್ನೆ ರಾತ್ರಿ ಸೀರೆ ತೆಗೆದು, ಬಿರಡೆ ತಿರುಗಿಸಿ ಸಾರಣಿ ತಂತಿಯೊಂದನ್ನೇ ಬಿಗಿ ಮಾಡಿ ನೋಡಿದೆ. ಕೆಳಗಿನ ಮೆಟ್ಟಿಲುಗಳು ಇನ್ನೂ ಗಟ್ಟಿಯಾಗಿವೆ. ಷಡ್ಜ ಮೀಟಿದಾಗ ಸ್ವಲ್ಪ ಜರ್ ಎಂದಿತು, ಶ್ರುತಿಯೂ ಇಳಿದಿತ್ತು. ಅದು ನಿಲ್ಲುವವರೆಗೆ ಕೇಳಿಸಿಕೊಂಡು, ಇನ್ನೊಮ್ಮೆ ಮೀಟಿದೆ.